ಬೇಸಗೆಯ ರಜೆಯೂ ಪರದೇಶದ ಪಟ್ಟಣಗಳೂ



ಪ್ರತಿವರ್ಷ ಮಾರ್ಚ್ ತಿಂಗಳಲ್ಲಿ ಪರೀಕ್ಷೆಯ ಉತ್ತರಪತ್ರಗಳು ನಮ್ಮ ಮೇಜಿನ ಮೇಲೆ ರಾಶಿ ಬೀಳುವ ಕಾಲಕ್ಕೆ ಸರಿಯಾಗಿ ಬೇರೊಂದು ಬಗೆಯ ಪತ್ರಗಳೂ ನಮಗೆ ಬರತೊಡಗುತ್ತವೆ. ಅವುಗಳಲ್ಲಿ ಕ್ಷೇಮಸಮಾಚಾರವೆಲ್ಲ ಮುಗಿದ ಮೇಲೆ ಕಡೆಯ ಸಾಲಿನಲ್ಲಿ ಒಂದೇ ಪ್ರಶ್ನೆಯಿರುತ್ತದೆ: “ಟೀಚರೇ, ಈ ರಜೆಯಲ್ಲಿ ಮಕ್ಕಳನ್ನು ಪರದೇಶಕ್ಕೆ ಕರಕೊಂಡು ಹೋಗಬೇಕೆಂದಿದ್ದೇವೆ. ಯಾವ ಯಾವ ಪಟ್ಟಣಗಳನ್ನು ನೋಡಿದರೆ ಒಳ್ಳೆಯದು?” ಹಿಂದೆ ಬೇಸಗೆಯ ರಜೆಯೆಂದರೆ ಅಜ್ಜಿಯ ಮನೆ, ಹಲಸಿನಹಣ್ಣು, ಅಂಗಳದಲ್ಲಿ ಒಣಗುವ ಹಪ್ಪಳದ ಕಾವಲು, ಇಷ್ಟೇ ಆಗಿತ್ತು. ಈಗ ನಮ್ಮ ಹಳೇ ವಿದ್ಯಾರ್ಥಿನಿಯರಲ್ಲಿ ಅನೇಕರು ತಾವೇ ಸಂಪಾದಿಸುವವರಾಗಿದ್ದಾರೆ. ಅವರು ತಮ್ಮ ಹಣದಿಂದ ತಮ್ಮ ಮಕ್ಕಳಿಗೆ ಲೋಕವನ್ನು ತೋರಿಸಲು ಬಯಸುವುದು ನಮಗೆ ಸಂತೋಷದ ಸಂಗತಿಯೇ. ಒಬ್ಬೊಬ್ಬರಿಗೆ ಬೇರೆ ಬೇರೆಯಾಗಿ ಉತ್ತರ ಬರೆಯುವ ಬದಲಾಗಿ ನಮ್ಮ ಅಭಿಪ್ರಾಯವನ್ನು ಈ ಸ್ಮರಣಸಂಚಿಕೆಯಲ್ಲಿ ಎಲ್ಲರ ಮುಂದೆ ಇಡುವುದು ಲೇಸೆಂದು ತೋರಿತು.

ಆದರೆ ಅದಕ್ಕೆ ಮೊದಲು ನಮ್ಮದೊಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಯಾಕಂದರೆ ಈ ವಿಷಯವನ್ನು ಕುರಿತು ನಾವು ಆಲೋಚಿಸಲಾರಂಭಿಸಿದ್ದು ಆ ತಪ್ಪಿನಿಂದಲೇ.

ಅನೇಕ ವರ್ಷಗಳಿಂದ ಜೂನ್ ತಿಂಗಳಲ್ಲಿ ಶಾಲೆ ತೆರೆದ ಮೊದಲನೆಯ ವಾರದಲ್ಲಿ “ನಾನು ರಜೆಯನ್ನು ಕಳೆದ ಬಗೆ” ಎಂಬ ಪ್ರಬಂಧವನ್ನು ಬರೆಸುವುದು ನಮ್ಮ ವಾಡಿಕೆಯಾಗಿತ್ತು. ಒಂದು ವರ್ಷ ಎಂಟನೆಯ ತರಗತಿಯ ಹುಡುಗಿಯೊಬ್ಬಳು ದುಬಾಯಿ ಪಟ್ಟಣದ ವಿಷಯವಾಗಿ ಎರಡು ಪುಟ ತುಂಬ ಬರೆದಿದ್ದಳು. ಅಲ್ಲಿಯ ಎತ್ತರವಾದ ಗೋಪುರ, ಅದರ ಮೇಲಿಂದ ಕಾಣುವ ಸಮುದ್ರ, ರಾತ್ರಿಯ ದೀಪಗಳು, ಎಲ್ಲವೂ ಅಚ್ಚುಕಟ್ಟಾಗಿದ್ದವು. ನಾವು ಮೆಚ್ಚಿ ತರಗತಿಯಲ್ಲಿ ಓದಿಸಿದೆವು. ಓದು ಮುಗಿದ ಮೇಲೆ ಮಕ್ಕಳು ಪ್ರಶ್ನೆ ಕೇಳತೊಡಗಿದರು. ವಿಮಾನದಲ್ಲಿ ಯಾವ ಕಡೆಯಲ್ಲಿ ಕುಳಿತಿದ್ದೆ, ಯಾರ ಮನೆಯಲ್ಲಿ ಇಳಕೊಂಡಿದ್ದೆ ಎಂದು. ಹುಡುಗಿಯ ಬಾಯಿ ಕಟ್ಟಿತು. ಅವಳು ದುಬಾಯಿಗೆ ಹೋಗಿರಲಿಲ್ಲ. ನೇತ್ರಾವತಿಯ ಸೇತುವೆಯನ್ನು ದಾಟಿ ಎಲ್ಲಿಗೂ ಹೋಗಿರಲಿಲ್ಲ. ರಜೆಯ ಎರಡು ತಿಂಗಳೂ ತಾಯಿಯೊಡನೆ ಕುಳಿತು ಬೀಡಿ ಕಟ್ಟಿದ್ದಳು. ಪ್ರಬಂಧದ ಸಂಗತಿಗಳನ್ನೆಲ್ಲ ಪಕ್ಕದ ಬೆಂಚಿನ ಗೆಳತಿಯಿಂದ ಕೇಳಿ ತಿಳಿದುಕೊಂಡಿದ್ದಳು.

ಆ ಹುಡುಗಿ ಸುಳ್ಳು ಬರೆದಳೆಂದು ನಾವು ಅವಳನ್ನು ದಂಡಿಸಲಿಲ್ಲ. ದಂಡನೆಗೆ ಯೋಗ್ಯರಾದವರು ನಾವೇ ಆಗಿದ್ದೆವು. ನಮ್ಮ ಪ್ರಶ್ನೆಯು ತರಗತಿಯನ್ನು ಹೋಗಿ ಬಂದವರೆಂತಲೂ ಹೋಗದವರೆಂತಲೂ ಎರಡು ಪಾಲು ಮಾಡಿತ್ತು. ಪರದೇಶವೆಂಬುದು ಹೇಳಿಕೊಳ್ಳುವುದಕ್ಕಾಗಿಯೇ ಇರುವ ವಸ್ತುವೆಂದು ಮಕ್ಕಳಿಗೆ ಕಲಿಸಿತ್ತು. ಈ ಮಾತನ್ನು ವಾಚಕರು ಮನಸ್ಸಿನಲ್ಲಿಡಬೇಕು. ಕಡೆಯಲ್ಲಿ ಮತ್ತೆ ಇದಕ್ಕೆ ಬರುವೆವು.

ಈಗ ಪಟ್ಟಣಗಳ ವಿಷಯ. ನಮ್ಮ ಮೊದಲನೆಯ ಅಭಿಪ್ರಾಯವೇನಂದರೆ, ಪಟ್ಟಣಗಳ ಸಂಖ್ಯೆ ಕಡಿಮೆಯಿರಬೇಕು. ಹಳೇ ವಿದ್ಯಾರ್ಥಿನಿಯೊಬ್ಬರು ತಮ್ಮ ಮಗಳೊಡನೆ ಒಂದು ಪ್ರವಾಸ ಕಂಪೆನಿಯ ಮುಖಾಂತರ ಯುರೋಪಿಗೆ ಹೋಗಿ ಹತ್ತು ದಿನಗಳಲ್ಲಿ ಏಳು ಪಟ್ಟಣಗಳನ್ನು ನೋಡಿ ಬಂದರು. ಬಂದವರು ನಮ್ಮನ್ನು ಕಾಣಲು ಬಂದಾಗ ಮಗಳನ್ನು ಕೇಳಿದೆವು: “ಏನು ನೋಡಿದೆ, ಮಗಾ?” ಅವಳು ಸ್ವಲ್ಪ ಹೊತ್ತು ಯೋಚಿಸಿ, “ಬಸ್ಸಿನ ಕಿಟಕಿ, ಟೀಚರ್” ಎಂದಳು. ತಾಯಿ ನಕ್ಕರು, ಆದರೆ ಆ ನಗುವಿನಲ್ಲಿ ಎರಡು ವರ್ಷದ ಉಳಿತಾಯ ಖರ್ಚಾದ ನೋವೂ ಇತ್ತು.

ಇದು ಗಣಿತದ ವಿಷಯವಾದದರಿಂದ ಲೆಕ್ಕವನ್ನೇ ಮಾಡಿ ನೋಡೋಣ. ಹತ್ತು ದಿನಗಳ ಪ್ರಯಾಣದಲ್ಲಿ ಹೋಗುವ ದಿನವೊಂದು, ಬರುವ ದಿನವೊಂದು ಕಳೆಯಿತು, ಎಂಟು ಉಳಿಯಿತು. ಒಂದು ಪಟ್ಟಣವನ್ನು ಬಿಟ್ಟು ಇನ್ನೊಂದಕ್ಕೆ ಹೋಗಬೇಕಾದರೆ ಪೆಟ್ಟಿಗೆ ಕಟ್ಟುವುದು, ಸ್ಟೇಶನಿಗೆ ಹೋಗುವುದು, ಕಾಯುವುದು, ಹೊಸ ವಸತಿಯನ್ನು ಹುಡುಕುವುದು, ಇಷ್ಟಕ್ಕೆ ಕನಿಷ್ಠವೆಂದರೂ ಅರ್ಧ ದಿನ ಹಿಡಿಯುತ್ತದೆ. ಐದು ಪಟ್ಟಣಗಳಾದರೆ ನಾಲ್ಕು ಸಾರಿ ಹೀಗೆ ಮಾಡಬೇಕು. ಎರಡು ದಿನ ಹೋಯಿತು. ಉಳಿದ ಆರು ದಿನಗಳನ್ನು ಐದಕ್ಕೆ ಹಂಚಿದರೆ ಒಂದೊಂದಕ್ಕೆ ಒಂದು ದಿನಕ್ಕಿಂತ ಸ್ವಲ್ಪ ಹೆಚ್ಚು. ಎರಡೇ ಪಟ್ಟಣಗಳಾದರೆ ಒಂದೊಂದಕ್ಕೆ ಹೆಚ್ಚುಕಡಿಮೆ ನಾಲ್ಕು ದಿನ ಸಿಕ್ಕುವವು. ನಾಲ್ಕು ದಿನ ಒಂದೇ ಬೀದಿಯಲ್ಲಿ ನಡೆದ ಮಗು ರೊಟ್ಟಿಯ ಅಂಗಡಿಯ ಹೆಂಗಸಿನ ಮುಖವನ್ನು ಬಲ್ಲುದು. ಟ್ರಾಮಿನ ಸಂಖ್ಯೆಯನ್ನು ಬಲ್ಲುದು. ದಾರಿ ತಪ್ಪಿದರೆ ಹಿಂದಿರುಗಿ ಬರಬಲ್ಲುದು. ಪಟ್ಟಣವನ್ನು ನೋಡುವುದೆಂದರೆ ಇದೇ.

“ಜೀವಮಾನದಲ್ಲಿ ಒಂದೇ ಸಾರಿ ಹೋಗುವವರು ನಾವು, ಆದಷ್ಟು ನೋಡಿ ಬರಬಾರದೇ?” ಎಂದು ಕೆಲವರು ಕೇಳುವರು. ಈ ಮಾತನ್ನು ನಾವು ಹಗುರವಾಗಿ ತಳ್ಳಿಬಿಡಲಾರೆವು. ಹೋಗುವವರು ವೃದ್ಧರಾದ ತಂದೆತಾಯಿಗಳಾಗಿದ್ದು, ಅವರಿಗೆ ಬಹುಕಾಲದಿಂದ ಹೆಸರು ಕೇಳಿದ ಸ್ಥಳಗಳನ್ನು ಒಮ್ಮೆ ಕಣ್ಣಾರೆ ಕಂಡರೆ ಸಾಕೆಂದಿದ್ದರೆ, ಅವರಿಗೆ ಬಸ್ಸಿನ ಪ್ರವಾಸವೇ ತಕ್ಕದು. ಅನ್ನಸಾರು ಸಿಕ್ಕುವುದು, ಭಾರ ಹೊರುವ ಕಷ್ಟ ತಪ್ಪುವುದು. ಆದರೆ ಬೆಳೆಯುವ ಮಕ್ಕಳಿಗೆ ಇದು ತಕ್ಕದ್ದಲ್ಲ. ಅವರು ಮುಂದೆ ತಮ್ಮ ಕಾಲಿನ ಮೇಲೆ ನಿಂತು ಮತ್ತೆ ಹೋಗುವವರು. ಎಲ್ಲವನ್ನೂ ನಾವೇ ತೋರಿಸಿ ಮುಗಿಸಬೇಕೆಂಬ ಅವಸರವೇಕೆ?

ಎರಡನೆಯ ಅಭಿಪ್ರಾಯ: ಹೆಸರುವಾಸಿಯಾದ ಪಟ್ಟಣಕ್ಕಿಂತ ನಮಗೆ ಏನಾದರೊಂದು ಸಂಬಂಧವುಳ್ಳ ಪಟ್ಟಣವು ಮೇಲು. ನಮ್ಮ ಊರಿನಿಂದ ಹೊರಟ ನೂಲೊಂದು ದೂರದ ಪಟ್ಟಣದ ವರೆಗೆ ಹೋಗಿರುವುದಾದರೆ ಆ ನೂಲನ್ನು ಹಿಡಿದು ನಡೆಯುವ ಮಗುವಿಗೆ ಅಲ್ಲಿಯ ಪ್ರತಿಯೊಂದು ಕಲ್ಲೂ ಮಾತಾಡುವದು. ಜೆಪ್ಪುವಿನವರಾದ ನಮಗೆ ಇಂಥ ನೂಲುಗಳು ಯಥೇಷ್ಟವಾಗಿವೆ. ಕೆಲವನ್ನು ಮಾತ್ರ ಹೇಳುವೆವು.

ಮೊದಲನೆಯದು ಬಾಸೆಲ್. ಸ್ವಿಟ್ಸರ್ಲೆಂಡ್ ದೇಶಕ್ಕೆ ಹೋಗುವವರೆಲ್ಲ ಹಿಮದ ಬೆಟ್ಟಗಳಿಗೆ ಓಡುವರು. ರೈನ್ ನದಿಯ ದಡದ ಈ ಪಟ್ಟಣದಲ್ಲಿ ಇಳಿಯುವವರು ಕಡಿಮೆ. ಆದರೆ 1815ರಲ್ಲಿ ಸ್ಥಾಪಿತವಾದ ಬಾಸೆಲ್ ಮಿಶನ್ ಇಲ್ಲಿಂದಲೇ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರನ್ನು ನಮ್ಮ ಕರಾವಳಿಗೆ ಕಳುಹಿಸಿತು. ಅವರು 1834ರ ಅಕ್ಟೋಬರದಲ್ಲಿ ಮಂಗಳೂರಿಗೆ ಬಂದು ಸೇರಿದರು. ಇಲ್ಲಿಯ ಛಾಪಖಾನೆ 1841ರಲ್ಲಿ ತೆರೆಯಿತು. ಕನ್ನಡದ ಮೊದಲನೆಯ ವೃತ್ತಪತ್ರಿಕೆಯಾದ ಮಂಗಳೂರ ಸಮಾಚಾರವನ್ನು 1843ರಲ್ಲಿ ಮೋಗ್ಲಿಂಗರು ಹೊರಡಿಸಿದರು. ಆ ಮಿಶನ್ನಿನ ಕಾರ್ಯವು 2001ರಿಂದ ‘ಮಿಶನ್ 21’ ಎಂಬ ಹೆಸರಿನ ಸಂಸ್ಥೆಯಲ್ಲಿ ಸೇರಿಕೊಂಡಿದೆ. ಅದರ ದಫ್ತರಖಾನೆಯಲ್ಲಿ ನಮ್ಮ ಕರಾವಳಿಯಿಂದ ಹೋದ ಕಾಗದಪತ್ರಗಳೂ ಹಳೆಯ ಛಾಯಾಚಿತ್ರಗಳೂ ಜೋಪಾನವಾಗಿವೆ. ಮುಂಚಿತವಾಗಿ ಬರೆದು ಕೇಳಿಕೊಂಡು ಹೋಗುವುದು ಕ್ರಮ. ತನ್ನ ಮುತ್ತಜ್ಜಿಯ ಕಾಲದ ಮಂಗಳೂರಿನ ಚಿತ್ರವನ್ನು ಸಾವಿರಾರು ಮೈಲು ಆಚೆಗೆ ನೋಡುವ ಹುಡುಗಿಗೆ ಭೂಗೋಳವೂ ಚರಿತ್ರೆಯೂ ಒಂದೇ ಸಾರಿ ಅರ್ಥವಾಗುವವು.

ಬಾಸೆಲಿಗೆ ಹೋದ ನಮ್ಮವರಲ್ಲಿ ಮೊದಲಿಗರಾದ ಆನಂದರಾವ್ ಕೌಂಡಿನ್ಯರ ಪ್ರಯಾಣವನ್ನೂ ಮಕ್ಕಳಿಗೆ ಹೇಳಬೇಕು. 1846ರಲ್ಲಿ ಅವರು ಮೋಗ್ಲಿಂಗರೊಡನೆ ಹೊರಟರು. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಆದದರಿಂದ ಆಗಿನ ಪ್ರಯಾಣ ಎಷ್ಟು ದೀರ್ಘವಾಗಿದ್ದಿರಬೇಕೆಂಬುದನ್ನು ಭೂಪಟದ ಮೇಲೆ ಬೆರಳಿಟ್ಟು ನೋಡಿರಿ. ಅವರು ಹಿಂದಿರುಗಿದ್ದು 1851ರಲ್ಲಿ. ಒಂದೇ ಪಟ್ಟಣದ ಪಾಠಶಾಲೆಗಾಗಿ ಐದು ವರ್ಷ! ಹತ್ತು ದಿನಕ್ಕೆ ಏಳು ಪಟ್ಟಣಗಳನ್ನು ನೋಡಿ ಬರುವ ನಾವು ಇದನ್ನು ಕೇಳಿ ನಾಚಬೇಕೆಂದಲ್ಲ, ಸ್ವಲ್ಪ ನಿಧಾನಿಸಬೇಕು.

ಬಾಸೆಲಿನಲ್ಲಿ ಮಕ್ಕಳಿಗೆ ಇನ್ನೊಂದು ಕೌತುಕವಿದೆ. ರೈನ್ ನದಿಯನ್ನು ದಾಟಿಸುವ ನಾಲ್ಕು ಕಡವಿನ ದೋಣಿಗಳಿಗೆ ಯಂತ್ರವೂ ಇಲ್ಲ, ಹುಟ್ಟೂ ಇಲ್ಲ. ದಡದಿಂದ ದಡಕ್ಕೆ ಕಟ್ಟಿದ ಉಕ್ಕಿನ ಹಗ್ಗಕ್ಕೆ ದೋಣಿಯನ್ನು ತಗುಲಿಸಿ, ಚುಕ್ಕಾಣಿಯನ್ನು ಓರೆ ಮಾಡಿದರೆ ನೀರಿನ ಸೆಳವೇ ಅದನ್ನು ಆಚೆಗೆ ನೂಕುತ್ತದೆ. ನೇತ್ರಾವತಿಯ ದೋಣಿಗಳನ್ನು ಕಂಡು ಬೆಳೆದ ಮಗುವು ಇದನ್ನು ನೋಡಿ ಕೇಳುವ ಪ್ರಶ್ನೆಗಳು ನಮ್ಮ ವಿಜ್ಞಾನದ ಪಾಠಕ್ಕಿಂತ ಒಳ್ಳೆಯವಾಗಿರುವುವು. ಕೆಂಪು ಮರಳುಗಲ್ಲಿನ ದೊಡ್ಡ ದೇವಾಲಯದಲ್ಲಿ 1536ರಲ್ಲಿ ತೀರಿಹೋದ ಪಂಡಿತ ಎರಾಸ್ಮಸನ ಸಮಾಧಿಯಿದೆ. ಊರಿನ ವಿಶ್ವವಿದ್ಯಾಲಯ 1460ರದು. ಮೂರು ದೇಶಗಳು ಕೂಡುವ ಮೂಲೆಯಾದದರಿಂದ ಟ್ರಾಮಿನಲ್ಲಿಯೇ ಕುಳಿತು ಪಕ್ಕದ ದೇಶಕ್ಕೆ ಹೋಗಿ ಬರಬಹುದು.

ಎರಡನೆಯ ನೂಲು ನಮ್ಮ ತಲೆಯ ಮೇಲೆಯೇ ಇದೆ, ಅದು ಹೆಂಚು. 1865ರಲ್ಲಿ ಪ್ಲೆಬ್‌ಸ್ಟರು ಇದೇ ಜೆಪ್ಪುವಿನಲ್ಲಿ ನೇತ್ರಾವತಿಯ ದಡದ ಜೇಡಿಮಣ್ಣಿನಿಂದ ಹೆಂಚಿನ ಕಾರಖಾನೆಯನ್ನು ಆರಂಭಿಸಿದರು. ಒಂದರ ಅಂಚು ಮತ್ತೊಂದರ ಅಂಚನ್ನು ಕಚ್ಚಿಕೊಳ್ಳುವ ಈ ಬಗೆಯ ಹೆಂಚನ್ನು 1841ರಲ್ಲಿ ಕಂಡುಹಿಡಿದವರು ಫ್ರಾನ್ಸಿನ ಅಲ್ಸಾಸ್ ಸೀಮೆಯ ಆಲ್ಟ್‌ಕಿರ್ಕ್ ಎಂಬ ಸಣ್ಣ ಊರಿನ ಗಿಲಾರ್ಡೋನಿ ಸಹೋದರರು. ಆ ಊರು ಬಾಸೆಲಿಗೆ ಹತ್ತಿರ. ಜೆಪ್ಪುವಿನ ಹುಡುಗಿಯೊಬ್ಬಳು ಪರದೇಶದಲ್ಲಿ ಮಾಡನ್ನು ನೋಡಿ “ಇದು ನಮ್ಮ ಮನೆಯದರಂತೆಯೇ ಇದೆಯಲ್ಲ!” ಎಂದರೆ, ಯಾರು ಯಾರಿಂದ ಕಲಿತರೆಂಬ ವಿಚಾರಕ್ಕೆ ಅಲ್ಲಿಯೇ ಬಾಗಿಲು ತೆರೆಯಿತು.

ಬಾಸೆಲಿನಿಂದ ರೈಲಿನಲ್ಲಿ ಅರ್ಧ ದಿನದೊಳಗೆ ಜರ್ಮನಿಯ ಸ್ಟುಟ್‌ಗಾರ್ಟ್ ಸಿಕ್ಕುವುದು. ಅಲ್ಲಿ ವಸತಿಮಾಡಿದರೆ ಟ್ಯುಬಿಂಗನ್, ಕಾಲ್ವ್ ಎಂಬ ಎರಡು ಊರುಗಳನ್ನು ಒಂದೊಂದು ದಿನದಲ್ಲಿ ನೋಡಿ ಬರಬಹುದು. ಟ್ಯುಬಿಂಗನ್ ನಮ್ಮ ನಿಘಂಟುಕಾರರಾದ ಕಿಟ್ಟೆಲರು 1903ರಲ್ಲಿ ದೇಹಬಿಟ್ಟ ಊರು. ಮಂಗಳೂರಿನಲ್ಲಿ 1894ರಲ್ಲಿ ಅಚ್ಚಾದ ಅವರ ಕನ್ನಡ ನಿಘಂಟಿಗಾಗಿ ಆ ಊರಿನ ವಿಶ್ವವಿದ್ಯಾಲಯವು ಅವರಿಗೆ ಗೌರವ ಡಾಕ್ಟರ್ ಪದವಿಯನ್ನು ಕೊಟ್ಟಿತು. ಕಾಲ್ವ್ ಊರಿನಲ್ಲಿ ಮಲೆಯಾಳದ ನಿಘಂಟುಕಾರರಾದ ಗುಂಡರ್ಟರು ತಮ್ಮ ಮುಪ್ಪನ್ನು ಕಳೆದರು; ಅವರ ಮಗಳ ಮಗನೇ 1946ರಲ್ಲಿ ನೊಬೆಲ್ ಬಹುಮಾನವನ್ನು ಪಡೆದ ಹೆರ್ಮನ್ ಹೆಸ್ಸೆ. ಈತನ ತಾಯಿ 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದವಳು. ತಂದೆ ಕೆಲವು ಕಾಲ ನಮ್ಮ ಮಂಗಳೂರಿನಲ್ಲಿ ಕೆಲಸಮಾಡಿದವನು. ಹೆಸ್ಸೆಯು 1911ರಲ್ಲಿ ಪೂರ್ವದೇಶಗಳಿಗೆ ಹೊರಟು ಸಿಂಹಳ, ಸಿಂಗಪುರ, ಸುಮಾತ್ರಗಳನ್ನು ನೋಡಿದನು. ಆದರೆ ತಾಯಿ ಹುಟ್ಟಿದ ಮಲಬಾರಿನ ಮಣ್ಣನ್ನು ಮೆಟ್ಟದೆಯೇ ಹಿಂದಿರುಗಿದನು. ಪಟ್ಟಣಗಳ ಪಟ್ಟಿಯನ್ನು ಮಾಡುವವರು ಈ ಸಂಗತಿಯನ್ನು ಒಮ್ಮೆ ನೆನಸಿಕೊಳ್ಳಲಿ. ಬಹಳ ದೂರ ಹೋಗಿಯೂ ಹೋಗಬೇಕಾದಲ್ಲಿಗೆ ಹೋಗದೆ ಬರುವುದು ದೊಡ್ಡವರಿಗೂ ಸಂಭವಿಸುವ ಮಾತು.

ನಮ್ಮ ನೆರೆಯ ಕಥೊಲಿಕ ಸಹೋದರಿಯರಿಗೆ ಬೇರೊಂದು ನೂಲನ್ನು ತೋರಿಸುವೆವು. ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಮಂದಿರದ ಗೋಡೆಗಳನ್ನು 19ನೆಯ ಶತಮಾನದ ಅಂತ್ಯಕಾಲದಲ್ಲಿ ಚಿತ್ರಗಳಿಂದ ತುಂಬಿದ ಅಂತೋನಿಯೊ ಮೊಸ್ಕೇನಿಯು ಜೆಪ್ಪುವಿನ ಸಂತ ಜೋಸೆಫರ ಸೆಮಿನರಿಯಲ್ಲಿಯೂ ಚಿತ್ರ ಬರೆದವನು. ಅವನು 1854ರಲ್ಲಿ ಹುಟ್ಟಿದ ಸ್ಟೆತ್ಸಾನೊ ಎಂಬ ಊರು ಇಟಲಿಯ ಬೆರ್ಗಮೊ ಪಟ್ಟಣದ ಮಗ್ಗುಲಿನಲ್ಲಿದೆ. ರೋಮಿಗೆ ಹೋಗುವವರು ಬೆರ್ಗಮೊವಿಗಾಗಿ ಎರಡು ದಿನ ಉಳಿಸಿದರೆ, ನಮ್ಮ ಊರಿನ ಗೋಡೆಗೆ ಬಣ್ಣವನ್ನು ಕೊಟ್ಟ ಬೆಳಕು ಎಂಥದ್ದೆಂದು ತಿಳಿಯುವರು.

ಇಂಗ್ಲೆಂಡಿಗೆ ಹೋಗುವವರು ಲಂಡನಿನೊಂದಿಗೆ ಕೇಂಬ್ರಿಜ್ ಪಟ್ಟಣವನ್ನು ಸೇರಿಸಿಕೊಳ್ಳಲಿ. 12ನೆಯ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದ್ಯ ವರ್ತಕನು ಸುಮಾರು 17 ವರ್ಷ ಮಂಗಳೂರಿನಲ್ಲಿ ನೆಲಸಿ, ಆಶು ಎಂಬ ಈ ಕಡೆಯ ಸ್ತ್ರೀಯೊಡನೆ ಸಂಸಾರ ಮಾಡಿ, ಮೆಣಸು ಅಡಿಕೆಗಳ ವ್ಯಾಪಾರ ನಡೆಸಿದನು. ಅವನ ಕಾಗದಗಳು ಕೈರೊ ಪಟ್ಟಣದ ಹಳೆಯ ಯೆಹೂದ್ಯ ಸಭಾಮಂದಿರದ ಕೋಣೆಯಲ್ಲಿ ಉಳಿದು, 19ನೆಯ ಶತಮಾನದ ಕೊನೆಯಲ್ಲಿ ಬಹುಪಾಲು ಕೇಂಬ್ರಿಜಿನ ಗ್ರಂಥಾಲಯಕ್ಕೆ ಬಂದವು. ಅಮಿತಾವ್ ಘೋಷರು 1992ರಲ್ಲಿ ಪ್ರಕಟಿಸಿದ ಗ್ರಂಥದಿಂದ ಈ ವೃತ್ತಾಂತವು ಸಾಮಾನ್ಯ ವಾಚಕರಿಗೂ ತಿಳಿದುಬಂತು. ಆ ಕಾಗದಗಳನ್ನು ಹೋದವರಿಗೆಲ್ಲ ತೋರಿಸುವುದಿಲ್ಲ. ಆದರೂ ಆ ಕಟ್ಟಡದ ಮುಂದೆ ನಿಂತು ಒಳಗೆ ನಮ್ಮ ಊರಿನ ಹೆಸರು 800 ವರ್ಷಕ್ಕೂ ಹಿಂದಿನ ಮಸಿಯಲ್ಲಿ ಇದೆಯೆಂದು ಮಗಳಿಗೆ ಹೇಳುವುದು ಸಣ್ಣ ಸಂಗತಿಯಲ್ಲ.

ಇಷ್ಟೆಲ್ಲ ಹೇಳಿದ ಮೇಲೆ, ಇವೆಲ್ಲಕ್ಕಿಂತ ಬಲವಾದ ನೂಲೊಂದನ್ನು ಹೇಳಲೇಬೇಕು. ನಮ್ಮ ವಿದ್ಯಾರ್ಥಿನಿಯರಲ್ಲಿ ಎಷ್ಟೋ ಮಂದಿಯ ತಂದೆಯರು, ಮಾವಂದಿರು, ಅಣ್ಣಂದಿರು ಮಸ್ಕತ್, ದೋಹಾ, ಕುವೈತ್, ದುಬಾಯಿಗಳಲ್ಲಿ ದುಡಿದು ಮನೆಯನ್ನು ನಡೆಸುತ್ತಿದ್ದಾರೆ. ಮಸ್ಕತಿಗೂ ನಮಗೂ ಇರುವ ಸಂಬಂಧ ಇಂದಿನದಲ್ಲ; ನಮ್ಮ ಕರಾವಳಿಯ ಅಕ್ಕಿಯನ್ನು ಅಲ್ಲಿಗೆ ಹಡಗುಗಳು ಒಯ್ಯುತ್ತಿದ್ದವು, ಟಿಪ್ಪು ಸುಲ್ತಾನನ ವ್ಯಾಪಾರದ ಕೋಠಿ ಅಲ್ಲಿತ್ತು. ಬಜ್ಪೆಯಿಂದ ದುಬಾಯಿಗೆ 2006ರಲ್ಲಿ ನೇರ ವಿಮಾನ ಆರಂಭವಾದಂದಿನಿಂದ ಆ ಕಡಲದಾರಿಯೇ ಆಕಾಶದಾರಿಯಾಯಿತು. ಆ ಪಟ್ಟಣಗಳಿಗೆ ಹೋಗುವವರು 2010ರಲ್ಲಿ ತೆರೆದ 828 ಮೀಟರ್ ಎತ್ತರದ ಗೋಪುರವನ್ನು ನೋಡುವುದಕ್ಕೆ ನಾವು ಬೇಡವೆನ್ನುವುದಿಲ್ಲ. ಆದರೆ ಅದಕ್ಕಿಂತ ಮುಂಚೆ ತಂದೆ ಕೆಲಸಮಾಡುವ ಸ್ಥಳವನ್ನೂ ಅವರು ಮಲಗುವ ಕೋಣೆಯನ್ನೂ ಮಗಳು ನೋಡಲಿ. ನಮ್ಮ ಹುಡುಗಿಯೊಬ್ಬಳು ಹಾಗೆ ಹೋಗಿ ಬಂದು, ಅಪ್ಪನ ಕೋಣೆಯನ್ನು ತಾನು ಹೆಜ್ಜೆಯಿಂದ ಅಳೆದು ನೋಡಿದೆನೆಂದು ಹೇಳಿದಳು: ಉದ್ದಕ್ಕೆ ಆರು, ಅಗಲಕ್ಕೆ ನಾಲ್ಕು, ಅದರಲ್ಲಿ ನಾಲ್ಕು ಮಂಚ. ಅವಳು ಮತ್ತೇನನ್ನೂ ಹೇಳಲಿಲ್ಲ. ಅವಳ ತಾಯಿ ಹೇಳಿದ್ದೇನಂದರೆ, ಅಲ್ಲಿಂದ ಬಂದ ಮೇಲೆ ಮಗಳು ಮನೆಯ ಖರ್ಚಿನ ಪುಸ್ತಕವನ್ನು ತಾನೇ ಬರೆಯತೊಡಗಿದಳಂತೆ.

ಮೂರನೆಯದಾಗಿ, ಕಾಲ. ನಮ್ಮ ರಜೆ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಬರುವುದು. ಮೇ ತಿಂಗಳ ಕಡೆಯಲ್ಲಿ ಕೊಲ್ಲಿಯ ಪಟ್ಟಣಗಳಲ್ಲಿ ಹಗಲಿನ ಶಾಖವು 40 ಡಿಗ್ರಿಯನ್ನು ಮೀರುವುದುಂಟು. ಹೋಗುವವರು ಏಪ್ರಿಲ್ ಮೊದಲ ಭಾಗದಲ್ಲಿಯೇ ಹೋಗಿಬರಲಿ. ಕೊಲಂಬೊವಿಗೆ ಮೇ ತಿಂಗಳಲ್ಲಿಯೇ ಮಳೆಗಾಲ ಬರುತ್ತದೆ. ನಮ್ಮಲ್ಲಿ ಜೂನಿನಲ್ಲಿ ಧಾರಾಳವಾಗಿ ಸಿಕ್ಕುವ ಮಳೆಯನ್ನು ಹಣಕೊಟ್ಟು ನೋಡಬೇಕಾಗಿಲ್ಲ. ಸಿಂಗಪುರವು ಭೂಮಧ್ಯರೇಖೆಯ ಹತ್ತಿರವಿರುವುದರಿಂದ ವರ್ಷವಿಡೀ ನಮ್ಮ ಊರಿನ ಸೆಕೆಯೇ. ಆದರೆ ಚೊಕ್ಕಟವಾದ ಬೀದಿಗಳನ್ನೂ ನಾಲ್ಕು ಭಾಷೆಗಳ ಫಲಕಗಳನ್ನೂ ನೋಡಿ ಕಲಿಯತಕ್ಕದ್ದು ಬಹಳವಿದೆ. ಯುರೋಪಿನ ಮಧ್ಯಭಾಗದಲ್ಲಿ ಮೇ ತಿಂಗಳು ವಸಂತಕಾಲ. ಮರಗಳು ಚಿಗುರಿ ಹಗಲು ದೀರ್ಘವಾಗಿರುವುದು. ಜುಲೈ ಆಗಸ್ಟುಗಳ ಜನಸಂದಣಿ ಇರುವುದಿಲ್ಲ. ಕೊಲ್ಲಿಯಲ್ಲಿರುವ ನಮ್ಮ ಹಳೇ ವಿದ್ಯಾರ್ಥಿನಿಯರ ಮಕ್ಕಳಿಗೆ ಜುಲೈ ಆಗಸ್ಟುಗಳಲ್ಲಿಯೇ ರಜೆಯಾದದರಿಂದ ಅವರು ದೊಡ್ಡ ಪಟ್ಟಣಗಳನ್ನು ಬಿಟ್ಟು ಸಣ್ಣವುಗಳನ್ನು ಆರಿಸಿಕೊಳ್ಳುವುದು ಒಳ್ಳೆಯದು.

ನಾಲ್ಕನೆಯದಾಗಿ, ಕಾಗದಪತ್ರಗಳು. ಇದು ರುಚಿಯಿಲ್ಲದ ಮಾತಾದರೂ ಪಟ್ಟಣಗಳ ಆಯ್ಕೆಗೆ ಇದರ ಸಂಬಂಧವಿದೆ. ಶೆಂಗನ್ ಒಪ್ಪಂದದ ದೇಶಗಳಿಗೆಲ್ಲ ಒಂದೇ ವೀಸಾ ಸಾಕು. ಸ್ವಿಟ್ಸರ್ಲೆಂಡ್, ಫ್ರಾನ್ಸ್, ಜರ್ಮನಿ, ಇಟಲಿಗಳು ಅದರಲ್ಲಿ ಸೇರಿವೆ. ಇಂಗ್ಲೆಂಡಿಗೆ ಬೇರೆಯೇ ವೀಸಾ ಬೇಕು. ಆದಕಾರಣ ಲಂಡನನ್ನೂ ಪ್ಯಾರಿಸನ್ನೂ ಒಂದೇ ಉಸಿರಿನಲ್ಲಿ ಹೇಳುವವರು ಎರಡು ಖರ್ಚುಗಳನ್ನು ಲೆಕ್ಕಹಾಕಲಿ. ಯಾವ ದೇಶದಲ್ಲಿ ಹೆಚ್ಚು ದಿನ ಇರುವಿರೋ ಆ ದೇಶದವರಿಗೇ ಅರ್ಜಿಯನ್ನು ಕೊಡಬೇಕು. ಪ್ರಯಾಣಕ್ಕೆ ಆರು ತಿಂಗಳು ಮುಂಚಿತವಾಗಿ ಅರ್ಜಿ ಕೊಡಬಹುದು. 15 ದಿನಕ್ಕಿಂತ ಈಚೆಗೆ ಕೊಡಕೂಡದು. ಬೆರಳಚ್ಚಿಗಾಗಿ ಬೆಂಗಳೂರಿಗೆ ಹೋಗಿ ಬರುವ ಖರ್ಚನ್ನೂ ಸೇರಿಸಿಕೊಳ್ಳಬೇಕು. 2024ರ ಜೂನಿನಿಂದ ಶುಲ್ಕವು ದೊಡ್ಡವರಿಗೆ 90 ಯೂರೊ, 6ರಿಂದ 12ರೊಳಗಿನ ವಯಸ್ಸಿನ ಮಕ್ಕಳಿಗೆ 45 ಯೂರೊ ಆಗಿದೆ. ವೀಸಾ ಸಿಕ್ಕದಿದ್ದರೂ ಈ ಹಣ ಹಿಂದೆ ಬರುವುದಿಲ್ಲ. 30,000 ಯೂರೊ ಮೊತ್ತದ ವೈದ್ಯಕೀಯ ವಿಮೆಯೂ ಬೇಕು. ಮಕ್ಕಳ ಪಾಸ್‌ಪೋರ್ಟ್ ದೊಡ್ಡವರದರಂತೆ ಹತ್ತು ವರ್ಷವಲ್ಲ, ಐದೇ ವರ್ಷವೆಂಬುದನ್ನು ಅನೇಕರು ಮರೆತು ಕಡೆಯ ಗಳಿಗೆಯಲ್ಲಿ ಪರದಾಡುವುದನ್ನು ಕಂಡಿದ್ದೇವೆ. ಸಾಲ ಮಾಡಿ ಹೋಗುವ ವಿಷಯದಲ್ಲಿ ನಮ್ಮ ಮಾತು ಕಠಿಣ: ಬೇಡ. ಮರುವರ್ಷದ ಶಾಲೆಯ ಶುಲ್ಕಕ್ಕೆ ಕೈ ಹಾಕುವ ಪ್ರವಾಸವು ಮಗುವಿಗೆ ಲೋಕವನ್ನು ತೋರಿಸಿ ಬಾಗಿಲನ್ನು ಮುಚ್ಚಿದಂತೆ.

ಐದನೆಯದೂ ನಮಗೆ ಅತಿ ಮುಖ್ಯವೂ ಆದ ಮಾತು: ಪಟ್ಟಣವನ್ನು ಆರಿಸುವವರು ಯಾರು? ನಾವು ವಿಚಾರಿಸಿ ನೋಡಿದ ಮಟ್ಟಿಗೆ ಅನೇಕ ಮನೆಗಳಲ್ಲಿ ತಂದೆ ಆರಿಸುವನು. ಮಗನಿದ್ದರೆ ಅವನ ಅಭಿಪ್ರಾಯ ಕೇಳುವರು. ತಾಯಿಯು ಅಕ್ಕಿ, ಉಪ್ಪಿನಕಾಯಿ, ಕರೆಂಟಿನ ಒಲೆ ಇವುಗಳ ಪಟ್ಟಿ ಮಾಡುವಳು. ಮಗಳಿಗೆ ಎಲ್ಲವೂ ನಿಶ್ಚಯವಾದ ಮೇಲೆ ತಿಳಿಸುವರು. ಹೀಗಾದರೆ ತಾಯಿಗೆ ಪರದೇಶವೆಂದರೆ ಬೇರೊಂದು ಅಡಿಗೆಮನೆ, ಮಗಳಿಗೆ ಬೇರೊಂದು ಜಡೆ ಹೆಣೆದು ಸಾಲಿನಲ್ಲಿ ನಡೆಯುವ ಮೆರವಣಿಗೆ. ಹೆಣ್ಣುಮಕ್ಕಳ ಪಾಠಶಾಲೆಯಲ್ಲಿ ಇಷ್ಟು ವರ್ಷ ಕಳೆದ ನಮಗೆ ಇದನ್ನು ಸುಮ್ಮನೆ ನೋಡುತ್ತಿರಲಾಗದು. ಒಂದು ತಲೆಮಾರಿನ ಹಿಂದೆ ನಮ್ಮ ಅಜ್ಜಿಯಂದಿರು ಪೇಟೆಗೆ ಹೋಗುವ ದಾರಿಯನ್ನು ಸಹ ತಾವಾಗಿ ಆರಿಸಿಕೊಂಡವರಲ್ಲ. ಭೂಪಟವನ್ನು ಮೇಜಿನ ಮೇಲೆ ಹರಡಿ “ನಾನು ಇಲ್ಲಿಗೆ ಹೋಗಬೇಕು, ಕಾರಣವಿದು” ಎಂದು ಹೇಳಬಲ್ಲ ಹುಡುಗಿಯು ಮುಂದೆ ಕಾಲೇಜನ್ನೂ ಉದ್ಯೋಗವನ್ನೂ ಜೀವನದ ಸಂಗಾತಿಯನ್ನೂ ಆರಿಸಿಕೊಳ್ಳುವಾಗ ಬಾಯಿ ಕಟ್ಟಿ ನಿಲ್ಲುವವಳಲ್ಲ.

ಆದದರಿಂದ ಹೆತ್ತವರಲ್ಲಿ ನಮ್ಮ ಪ್ರಾರ್ಥನೆ ಇದು. ಎರಡು ಪಟ್ಟಣಗಳಿಗೆ ಹೋಗುವುದಾದರೆ ಒಂದನ್ನು ಮಗಳ ಪಾಲಿಗೆ ಬಿಟ್ಟುಕೊಡಿರಿ. ಆ ಊರಿನ ಚರಿತ್ರೆಯನ್ನು ಅವಳು ಮುಂಚಿತವಾಗಿ ಓದಲಿ. ಅಲ್ಲಿಯ ಭಾಷೆಯ ಹತ್ತು ಮಾತುಗಳನ್ನು ಕಲಿಯಲಿ. ಅಲ್ಲಿ ಇರುವಷ್ಟು ದಿನ ದಾರಿ ತೋರಿಸುವವಳೂ ಲೆಕ್ಕ ಇಡುವವಳೂ ಅವಳೇ ಆಗಲಿ. ತಪ್ಪು ಟ್ರಾಮ್ ಹತ್ತಿಸಿದರೆ ಬೈಯಬೇಡಿರಿ; ಇಳಿದು ಮತ್ತೊಂದನ್ನು ಹತ್ತಿರಿ. ತಾಯಿಗೂ ಒಂದು ಇಡೀ ದಿನ ಒಲೆ ಹಚ್ಚದೆ, ಯಾರ ಬಟ್ಟೆಯನ್ನೂ ಮಡಚದೆ, ತನಗೆ ಬೇಕಾದ ಬೀದಿಯಲ್ಲಿ ನಡೆಯಲು ಬಿಡಿರಿ. ಅಜ್ಜಿ ಮನೆಯಲ್ಲಿ ಉಳಿಯುವುದಾದರೆ ಅವಳಿಗೆ ಪ್ರತಿದಿನ ಸಂಜೆ ಫೋನಿನಲ್ಲಿ ಸುದ್ದಿ ಹೇಳುವ ಕೆಲಸ ಮಕ್ಕಳದಾಗಲಿ. ಎರಡು ಕಣ್ಣುಗಳಿಂದ ನೋಡಿದ್ದನ್ನು ಕಾಣದವರಿಗೆ ಕಾಣುವಂತೆ ಹೇಳುವುದೇ ಒಂದು ವಿದ್ಯೆ.

“ಸ್ವದೇಶವನ್ನೇ ನೋಡದವರು ಪರದೇಶಕ್ಕೆ ಯಾಕೆ ಹೋಗಬೇಕು?” ಎಂಬ ಆಕ್ಷೇಪವನ್ನೂ ನಾವು ಬಲ್ಲೆವು. ಹಂಪೆ ಬೇಲೂರುಗಳನ್ನು ನೋಡದೆ ರೋಮನ್ನು ನೋಡಿದವರಿಗೆ ಹೋಲಿಸುವುದಕ್ಕೆ ಏನೂ ಇರುವುದಿಲ್ಲವೆಂಬುದು ನಿಜ. ಆದರೆ ಒಂದನ್ನು ನೋಡಿ ಮುಗಿಸಿಯೇ ಇನ್ನೊಂದಕ್ಕೆ ಹೋಗಬೇಕೆಂದರೆ ನಮ್ಮ ದೇಶವು ಯಾರ ಆಯುಷ್ಯದಲ್ಲಿಯೂ ಮುಗಿಯುವಂಥದಲ್ಲ. ಅಲ್ಲಿ ಕಂಡದ್ದರಿಂದ ಇಲ್ಲಿಯದು ಹೊಸದಾಗಿ ಕಾಣುವುದಾದರೆ ಹೋದದ್ದು ಸಾರ್ಥಕ. ರೈನ್ ನದಿಯ ನಿರ್ಮಲವಾದ ನೀರಿನಲ್ಲಿ ಜನರು ಈಜುವುದನ್ನು ಕಂಡು ಬಂದ ಹುಡುಗಿಯು ನೇತ್ರಾವತಿಯ ದಡದ ಕಸದ ರಾಶಿಯ ಮುಂದೆ ಒಂದು ಕ್ಷಣ ನಿಂತರೆ ನಮಗೆ ಅಷ್ಟೇ ಸಾಕು. ಆ ರೈನ್ ನದಿಯೂ 1986ರಲ್ಲಿ ಬಾಸೆಲಿನ ಬಳಿ ರಾಸಾಯನಿಕ ಗೋದಾಮಿನ ಬೆಂಕಿಯಿಂದ ವಿಷವಾಗಿ, ಲೆಕ್ಕವಿಲ್ಲದಷ್ಟು ಮೀನುಗಳು ಸತ್ತ ನದಿಯೇ. ಆ ಮೇಲೆ ಹಲವು ದೇಶಗಳವರು ಕೂಡಿ ಅದನ್ನು ಶುದ್ಧಮಾಡಿದರು. ನಮ್ಮಿಂದ ಆಗದೆಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಉತ್ತರ ಯಾವ ಪುಸ್ತಕದಲ್ಲಿ ಸಿಕ್ಕೀತು?

ಇನ್ನು ಮೊದಲು ಹೇಳಿದ ಹುಡುಗಿಯ ವಿಷಯ. ಮರುವರ್ಷದಿಂದ ನಾವು ಆ ಪ್ರಬಂಧವನ್ನು ಬರೆಸುವುದನ್ನು ನಿಲ್ಲಿಸಿದೆವು. ಅದಕ್ಕೆ ಬದಲಾಗಿ “ನಾನು ಚೆನ್ನಾಗಿ ಬಲ್ಲ ಒಂದು ದಾರಿ” ಎಂಬ ವಿಷಯವನ್ನು ಕೊಟ್ಟೆವು. ಪರದೇಶಕ್ಕೆ ಹೋಗಿ ಬಂದ ಹುಡುಗಿಯರು ಪೆನ್ಸಿಲನ್ನು ಕಚ್ಚುತ್ತಾ ಕುಳಿತರು. ಅವಳಾದರೋ ಮನೆಯಿಂದ ಮಾರ್ಗನ್ಸ್ ಗೇಟಿನ ವರೆಗೆ ಬೀಡಿಯ ಕಟ್ಟುಗಳನ್ನು ಹೊತ್ತುಕೊಂಡು ಹೋಗುವ ದಾರಿಯನ್ನು ಬರೆದಳು: ಯಾವ ಮನೆಯ ನಾಯಿ ಬೊಗಳುವುದು, ಯಾವ ಮರದ ನೆರಳು ಎಷ್ಟು ಗಂಟೆಗೆ ಎಲ್ಲಿಗೆ ಬರುವುದು, ತೂಕ ಮಾಡುವವರು ಎಷ್ಟು ಬೀಡಿಗಳನ್ನು ಬದಿಗೆ ತೆಗೆದಿಡುವರು, ಆಗ ತಾಯಿಯ ಮುಖ ಹೇಗಿರುವುದು. ಆ ವರ್ಷ ನಾವು ಓದಿದವುಗಳಲ್ಲಿ ಅದೇ ಉತ್ತಮವಾದ ಪ್ರವಾಸಕಥನ. ಇಂಥ ಕಣ್ಣುಳ್ಳವಳು ಒಂದು ದಿನ ತನ್ನ ಸಂಪಾದನೆಯಿಂದ ಯಾವ ಪಟ್ಟಣಕ್ಕೆ ಹೋದರೂ ಅದನ್ನು ಬಸ್ಸಿನ ಕಿಟಕಿಯೆಂದು ಹೇಳಲಾರಳು.

ಹೋಗಲು ಅನುಕೂಲವಿರುವವರು ಹೋಗಿರಿ. ಹಿಂದಿರುಗಿದ ಮೇಲೆ ಮಕ್ಕಳು ತರಗತಿಯಲ್ಲಿ ಚಾಕಲೇಟು ಹಂಚುವುದಕ್ಕಿಂತ ತಾವು ಕಲಿತ ಹತ್ತು ಮಾತುಗಳನ್ನು ಹಂಚುವಂತೆ ನೋಡಿಕೊಳ್ಳಿರಿ. ಈ ವರ್ಷ ಹೋಗಲಾರದವರು ಮಕ್ಕಳ ಕೈಹಿಡಿದು ಸೆಮಿನರಿಯ ಚಿತ್ರಗಳನ್ನೂ ಹೊಳೆಯ ಬದಿಯ ಹಳೆಯ ಹೆಂಚಿನ ಮಾಡುಗಳನ್ನೂ ತೋರಿಸಿರಿ. ನೂಲಿನ ಈ ಕೊನೆ ನಮ್ಮಲ್ಲಿಯೇ ಇದೆ. ನಮ್ಮ ಕಡೆಯಲ್ಲಿ ಮನೆಯಿಂದ ಹೊರಡುವವರು “ಹೋಗುತ್ತೇವೆ” ಎನ್ನುವುದಿಲ್ಲ, “ಹೋಗಿ ಬರುತ್ತೇವೆ” ಎನ್ನುತ್ತಾರೆ. ಪರದೇಶಕ್ಕೆ ಹೊರಟವರಿಗೆ ನಾವು ಹೇಳತಕ್ಕದ್ದೂ ಅದೇ.

ಹೋಗಿ ಬನ್ನಿರಿ.

— ಮುಖ್ಯೋಪಾಧ್ಯಾಯಿನಿ, ಜೆಪ್ಪು